ಕುತ್ತಿಗೆಯ ಗಡ್ಡೆಗೆ ಗಡಿ ಇಲ್ಲ, ಗಡುವು ಇದೆ

ಕನ್ನಡದಲ್ಲಿ ಗಡ್ಡೆ, ತೆಲುಗಿನಲ್ಲಿ ಗಡ್ಡ. ರಾಯದುರ್ಗ, ಮಡಕಶಿರಾ ಸೀಮೆಯ ನಮಗೆ ಎರಡೂ ಮಾತು ಬರುತ್ತವೆ. ಕುತ್ತಿಗೆಯಲ್ಲೋ ಕಂಕುಳಲ್ಲೋ ಗಡ್ಡೆ ಎದ್ದರೆ ಎರಡೂ ಭಾಷೆಯಲ್ಲಿ ನಾವು ಹೇಳುವುದು ಒಂದೇ: ‘ನೋವಿಲ್ಲವಲ್ಲ, ಬಿಡು, ಕರಗುತ್ತೆ.’ ನೋವಿಲ್ಲದ ಗಡ್ಡೆಯ ಮೇಲೇ ಹೆಚ್ಚು ಅನುಮಾನ ಇರಬೇಕು.

ನಮ್ಮ ಪಕ್ಕದೂರಿನ ಹುಡುಗನೊಬ್ಬನಿಗೆ ಸಂಜೆ ಜ್ವರ, ರಾತ್ರಿ ಬೆವರು, ಮೈ ಇಳಿತ. ಟಿ.ಬಿ. ಇರಬಹುದೆಂದು ಆರು ತಿಂಗಳು ಮಾತ್ರೆ ನುಂಗಿದ. ಗಡ್ಡೆ ಕರಗಲಿಲ್ಲ. ಕೊನೆಗೆ ಗಡ್ಡೆ ತೆಗೆದು ಬಯಾಪ್ಸಿ ಮಾಡಿಸಿದಾಗ ಹಾಡ್ಗ್‌ಕಿನ್ ಲಿಂಫೋಮಾ, ಅಂದರೆ ದುಗ್ಧಗ್ರಂಥಿಯ ಕ್ಯಾನ್ಸರು, ಎಂದು ಗೊತ್ತಾಯಿತು. ಅಷ್ಟರಲ್ಲಿ ಎರಡನೇ ಹಂತ ದಾಟಿತ್ತು. ಹುಡುಗ ಉಳಿದ, ಆದರೆ ಚಿಕಿತ್ಸೆ ಉದ್ದವಾಯಿತು, ಎರಡು ಬೆಳೆ, ಒಂದು ಜೋಡಿ ಎತ್ತು ಹೋದವು.

ಟಿ.ಬಿ.ಗೂ ಇದಕ್ಕೂ ಲಕ್ಷಣ ಹೆಚ್ಚುಕಡಿಮೆ ಒಂದೇ. ಬಿಡಿಸಿ ಹೇಳುವುದು ಬಯಾಪ್ಸಿ. ಬರೀ ಸೂಜಿ ಪರೀಕ್ಷೆ ಎಷ್ಟೋ ಸಲ ಸಾಲದು.

ಲಂಡನ್ನಿನ ವೈದ್ಯ ಥಾಮಸ್ ಹಾಡ್ಗ್‌ಕಿನ್ 1832ರಲ್ಲಿ ವಿವರಿಸಿದ ರೋಗವಿದು. ಆಗ ಮದ್ದಿರಲಿಲ್ಲ. 1970ರ ದಶಕದಲ್ಲಿ ಇಟಲಿಯ ಮಿಲಾನಿನಲ್ಲಿ ‘ಎಬಿವಿಡಿ’ ಎಂಬ ನಾಲ್ಕು ಔಷಧಿಗಳ ಚಿಕಿತ್ಸೆ ಬಂತು. ಒಂದೇ ಕಡೆಯ ಗ್ರಂಥಿಯಲ್ಲಿದ್ದರೆ ಮೊದಲ ಹಂತ. ಎದೆ–ಹೊಟ್ಟೆ ನಡುವಿನ ಪರದೆಯ ಒಂದೇ ಬದಿಯಲ್ಲಿ ಎರಡು-ಮೂರು ಕಡೆ ಇದ್ದರೆ ಎರಡನೆಯದು. ಈ ಹಂತಗಳಲ್ಲಿ, ಅಪಾಯದ ಗುರುತು ಕಡಿಮೆ ಇದ್ದ 1,370 ಜನರ ಮೇಲೆ ಜರ್ಮನಿಯ ತಂಡ ನಡೆಸಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಐದು ವರ್ಷದ ನಂತರ ನೂರಕ್ಕೆ ಸುಮಾರು 97 ಜನ ಬದುಕಿದ್ದರು. ನಾಲ್ಕು ಸುತ್ತಿನ ಬದಲು ಎರಡು ಸುತ್ತು ಔಷಧಿ, ಜೊತೆಗೆ ಕಡಿಮೆ ವಿಕಿರಣ ಕೊಟ್ಟರೂ ಫಲ ಹೆಚ್ಚುಕಡಿಮೆ ಅಷ್ಟೇ ಇತ್ತು. ಲಿಂಫೋಮಾದಲ್ಲಿ ಬೇರೆ ಜಾತಿಗಳೂ ಇವೆ. ಅವುಗಳ ಮದ್ದು, ಲೆಕ್ಕ ಬೇರೆ.

ಎಬಿವಿಡಿ ಡ್ರಿಪ್ಪು ಹದಿನೈದು ದಿನಕ್ಕೊಮ್ಮೆ. ಬಿತ್ತನೆ ಬಂತು, ಶೇಂಗಾ ಕೀಳಬೇಕು ಎಂದು ನಡುವೆ ಬಿಡಬಾರದು. ಅರ್ಧ ಕಿತ್ತ ಗರಿಕೆ ಮತ್ತೆ ಚಿಗುರುವುದು ರೈತರಿಗೆ ಗೊತ್ತಿಲ್ಲವೇ! ಗಡ್ಡೆ ಕರಗಿದ ಮೇಲೂ ತಪಾಸಣೆ ತಪ್ಪಿಸಬಾರದು.

ಮಡಕಶಿರಾ 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ನಮ್ಮ ಓಡಾಟ ಬಳ್ಳಾರಿ, ಬೆಂಗಳೂರಿನ ಕಡೆಗೂ ಇದೆ. 2007ರಲ್ಲಿ ಆರೋಗ್ಯಶ್ರೀ ಮೊದಲು ಶುರುವಾದ ಜಿಲ್ಲೆಗಳಲ್ಲಿ ನಮ್ಮ ಅನಂತಪುರವೂ ಒಂದು. ಈಗ ಅದರ ಹೆಸರು ಎನ್‌ಟಿಆರ್ ವೈದ್ಯ ಸೇವೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೋಗುವುದಾದರೆ ನಮ್ಮ ಕಾರ್ಡು ಅಲ್ಲಿ ನಡೆಯುತ್ತದೆಯೇ ಎಂದು ಮೊದಲೇ ವಿಚಾರಿಸಿ. ಮೂರು-ನಾಲ್ಕು ವಾರದಲ್ಲಿ ಕರಗದ ಗಡ್ಡೆಯನ್ನು ವೈದ್ಯರಿಗೆ ತೋರಿಸಿ, ಬಯಾಪ್ಸಿ ಬೇಕೇ ಎಂದು ಬಾಯಿಬಿಟ್ಟು ಕೇಳಿ. ಕನ್ನಡದಲ್ಲಾದರೂ ಸರಿ, ತೆಲುಗಿನಲ್ಲಾದರೂ ಸರಿ.