ನಿಸ್ತಂತು ಟಚ್‌ಪ್ಯಾಡ್ ಬಳಸಿ ಅರ್ಜಿ ಸಲ್ಲಿಸುವವರಿಗೆ ಮಾಹಿತಿ

ಗಣಕಯಂತ್ರದಲ್ಲಿ ಅರ್ಜಿ ಭರ್ತಿ ಮಾಡುವಾಗ ಟಚ್‌ಪ್ಯಾಡ್ ನಡುವೆಯೇ ಸ್ಥಗಿತಗೊಂಡರೆ, ಅವಧಿ ಮೀರಿ ಪುಟವು ಮುಚ್ಚಿಕೊಳ್ಳುವ ಹಾಗೂ ಭರ್ತಿ ಮಾಡಿದ ವಿವರಗಳು ನಷ್ಟವಾಗುವ ಸಂಭವವಿರುತ್ತದೆ. ಆದುದರಿಂದ ಅರ್ಜಿಯನ್ನು ತೆರೆಯುವ ಮುನ್ನವೇ ಸದರಿ ಸಾಧನವನ್ನು ಪರೀಕ್ಷಿಸಿಕೊಳ್ಳುವುದು ಸೂಕ್ತ.

ಬ್ಲೂಟೂತ್ ಬಗೆಯ ಟಚ್‌ಪ್ಯಾಡನ್ನು ಗಣಕಯಂತ್ರದ ಬ್ಲೂಟೂತ್ ಸೆಟ್ಟಿಂಗ್ಸ್‌ನಲ್ಲಿ ಹೊಸ ಸಾಧನವಾಗಿ ಸೇರಿಸಬೇಕು. ಇನ್ನೊಂದು ಬಗೆಯದಕ್ಕೆ, ಅದರೊಡನೆ ಬಂದ ಚಿಕ್ಕ ರಿಸೀವರನ್ನೇ ಯುಎಸ್‌ಬಿ ಪೋರ್ಟಿಗೆ ಹಾಕಬೇಕು. ಒಂದೇ ಕಂಪನಿಯದಾದರೂ ಎಲ್ಲ ರಿಸೀವರ್‌ಗಳೂ ಹೊಂದುವುದಿಲ್ಲ; ಉದಾಹರಣೆಗೆ, ಲಾಜಿಟೆಕ್‌ನ ಟಿ650 ಟಚ್‌ಪ್ಯಾಡ್ (2012) ಯೂನಿಫೈಯಿಂಗ್ ರಿಸೀವರ್‌ಗೆ ಜೋಡಣೆಯಾಗುತ್ತದೆ, 2021ರ ಬೋಲ್ಟ್ ರಿಸೀವರ್‌ಗೆ ಆಗುವುದಿಲ್ಲ.

ಪರದೆಯ ಮೇಲಿನ ಬಾಣವು ತಡೆತಡೆದು ಚಲಿಸಿದಲ್ಲಿ ಮೊದಲು ಸ್ವಿಚ್ ಹಾಗೂ ಚಾರ್ಜ್ ನೋಡತಕ್ಕದ್ದು. ಇವು ಸರಿಯಿದ್ದೂ ತೊಂದರೆ ಮುಂದುವರಿದಲ್ಲಿ, ಪಕ್ಕದ ಪೋರ್ಟಿನಲ್ಲಿರುವ ಯುಎಸ್‌ಬಿ 3.0 ಹಾರ್ಡ್ ಡಿಸ್ಕ್ ಕಾರಣವಿರಬಹುದು. ಅದರಿಂದ ಹೊರಸೂಸುವ ಅಲೆಗಳು ರಿಸೀವರ್ ಬಳಸುವ 2.4 ಗಿಗಾಹರ್ಟ್ಸ್ ತರಂಗಗಳಿಗೆ ಅಡ್ಡಿಯುಂಟುಮಾಡುತ್ತವೆ. ಹೊಸ ಟಚ್‌ಪ್ಯಾಡ್ ಖರೀದಿಸುವ ಮೊದಲು, ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ಮೂಲಕ ರಿಸೀವರನ್ನು ದೂರವಿರಿಸಿ ನೋಡಬೇಕೆಂದು ಸಲಹೆ. ಕೇಬಲ್‌ಗೆ ತಗಲುವ ವೆಚ್ಚ ಅಲ್ಪವೇ.

ಅರ್ಜಿಯ ಮಧ್ಯದಲ್ಲಿ ಟಚ್‌ಪ್ಯಾಡ್ ನಿಂತುಹೋದರೆ ಗಾಬರಿ ಬೇಡ, ಕೀಲಿಮಣೆ ಸಾಕು. ಟ್ಯಾಬ್ ಕೀಲಿಯಿಂದ ಮುಂದಿನ ಅಂಕಣಕ್ಕೆ, ಶಿಫ್ಟ್ ಸಹಿತ ಟ್ಯಾಬ್ ಒತ್ತಿ ಹಿಂದಿನದಕ್ಕೆ ಹೋಗಬಹುದು. ಸ್ಪೇಸ್ ಕೀಲಿಯಿಂದ ಚೌಕದಲ್ಲಿ ಗುರುತು ಹಾಕಬಹುದು.

ಟಚ್‌ಪ್ಯಾಡ್ ಸ್ಪಂದಿಸಲಿಲ್ಲವೆಂದು ಶುಲ್ಕ ಪಾವತಿಯ ಗುಂಡಿಯನ್ನು ಪದೇ ಪದೇ ಒತ್ತಬಾರದು. ಶುಲ್ಕ ಎರಡು ಬಾರಿ ಕಡಿತವಾಗುವ ಸಾಧ್ಯತೆಯಿರುತ್ತದೆ. ಬ್ಯಾಂಕ್ ಖಾತೆಯನ್ನು ಪರಿಶೀಲಿಸಿ, ಹಣ ಕಡಿತವಾಗಿಲ್ಲವೆಂದು ಖಚಿತಪಡಿಸಿಕೊಂಡ ನಂತರವೇ ಅರ್ಜಿದಾರರು ಮತ್ತೊಮ್ಮೆ ಪಾವತಿಸಬೇಕೆಂದು ಕೋರಲಾಗಿದೆ.