ದಾಸವಾಳದ ಚಿಗುರು ಮುದುಡಿದಾಗ

ಶಿವರಾತ್ರಿ ಕಳೆದು ಬಿಸಿಲೇರತೊಡಗಿದರೆ ಮನೆಯ ಕೈತೋಟದಲ್ಲಿ ಕೆಲಸ ಒಮ್ಮೆಗೇ ಹೆಚ್ಚುತ್ತದೆ. ಗುಲಾಬಿ, ದಾಸವಾಳಗಳನ್ನು ಸವರಬೇಕು, ಬೇರು ಇಡುಕಿರಿದ ಕುಂಡಗಳ ಮಣ್ಣು ಬದಲಿಸಬೇಕು, ಗೊಬ್ಬರ ಹಾಕಬೇಕು. ಯುಗಾದಿಯ ಹೊತ್ತಿಗೆ ಸವರಿದ ಕೊಂಬೆಗಳೆಲ್ಲ ಚಿಗುರುತ್ತವೆ. ಸರಿಯಾಗಿ ಆಗಲೇ ಚಿಗುರಿನ ತುದಿ ಮುದುಡಿಕೊಂಡು, ಎಲೆಗಳು ಸುಕ್ಕುಗಟ್ಟಿ ಒಂದಕ್ಕೊಂದು ಒತ್ತಿಕೊಂಡು, ಮೊಗ್ಗಿನ ಬುಡದಲ್ಲಿ ಹತ್ತಿ ಮೆತ್ತಿದಂತೆ ಬಿಳಿ ಕಾಣಿಸಿಕೊಳ್ಳುತ್ತದೆ. ಎಷ್ಟು ಔಷಧಿ ಹೊಡೆದರೂ ಎರಡು ವಾರದಲ್ಲಿ ಮತ್ತೆ ಅದೇ. ತಾರಸಿಯಲ್ಲಿ ನಾಲ್ಕು ಕುಂಡ ಇಟ್ಟವರಿಗೂ ಈ ಬೇಸರ ಗೊತ್ತು.

ಇದು ಹಿಟ್ಟು ತಿಗಣೆ. ದಾಸವಾಳಕ್ಕೆ ಬೀಳುವ ಹಿಟ್ಟು ತಿಗಣೆಗಳಲ್ಲಿ ಒಂದಕ್ಕಿಂತ ಹೆಚ್ಚು ಜಾತಿಗಳಿವೆ. ಚಿಗುರನ್ನು ಹೀಗೆ ಮುರುಟಿಸುವುದು ಮುಖ್ಯವಾಗಿ ಗುಲಾಬಿ ಹಿಟ್ಟು ತಿಗಣೆ, ಅಂದರೆ ಮಕೊನೆಲಿಕಾಕಸ್ ಹಿರ್ಸುಟಸ್. ಮೇಲಿನ ಬಿಳಿ ಮೇಣವನ್ನು ಒರೆಸಿದರೆ ಒಳಗೆ ತಿಳಿಗೆಂಪು ಬಣ್ಣದ, ಮೂರು ಮಿಲಿಮೀಟರ್ ಆಸುಪಾಸಿನ ಮೆತ್ತನೆಯ ಹುಳು ಕಾಣುತ್ತದೆ. ನಮ್ಮ ರೇಷ್ಮೆ ಬೆಳೆಗಾರರಿಗೆ ಇದು ಹಳೆಯ ಪರಿಚಯ. ಹಿಪ್ಪುನೇರಳೆಯ ಕುಡಿ ಹೀಗೆ ಮುರುಟಿಕೊಂಡರೆ ಅವರು ತುಕ್ರ ರೋಗ ಎನ್ನುತ್ತಾರೆ. ಇದಕ್ಕೆ ಕಾರಣ ರೋಗಾಣುವಲ್ಲ, ರಸ ಹೀರುವಾಗ ಈ ತಿಗಣೆ ಗಿಡದೊಳಕ್ಕೆ ಬಿಡುವ ಜೊಲ್ಲು. ಆ ಜೊಲ್ಲಿನ ವಿಷ ತಾಗಿದ ಚಿಗುರು ನೇರವಾಗಿ ಬೆಳೆಯಲಾರದು.

ಹೆಣ್ಣಿಗೆ ರೆಕ್ಕೆಯಿಲ್ಲ. ದೊಡ್ಡದಾದ ಮೇಲೆ ಅದು ಹೆಚ್ಚು ಅಲೆಯುವುದೂ ಇಲ್ಲ. ಮೇಣದ ಎಳೆಗಳಿಂದ ಚೀಲವೊಂದನ್ನು ಕಟ್ಟಿ ಅದರಲ್ಲಿ ನೂರಾರು ಮೊಟ್ಟೆ ಇಟ್ಟು ಸಾಯುತ್ತದೆ. ಗಂಡಿಗೆ ಒಂದು ಜೊತೆ ರೆಕ್ಕೆಯಿದ್ದರೂ ಉಣ್ಣಲು ಬಾಯಿಯಿಲ್ಲ, ಆಯುಸ್ಸು ಕೆಲವೇ ದಿನ. ಊರು ಸುತ್ತುವ ಕೆಲಸ ಆಗತಾನೇ ಮೊಟ್ಟೆಯೊಡೆದ ಮರಿಗಳದ್ದು. ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಈ ಮರಿಗಳು ಗಾಳಿಯಲ್ಲಿ ತೇಲಿ, ನಮ್ಮ ಬಟ್ಟೆಗೆ ಅಂಟಿ, ನರ್ಸರಿಯಿಂದ ತಂದ ಹೊಸ ಗಿಡದೊಂದಿಗೆ ಬಂದು ಸೇರುತ್ತವೆ. ಬೇಸಿಗೆಯ ಬಿಸಿಯಲ್ಲಿ ಸುಮಾರು ಒಂದು ತಿಂಗಳಿಗೆ ಒಂದು ತಲೆಮಾರು ಮುಗಿಯುತ್ತದೆ. ತೊಳೆದು ಹಾಕುವ ಮಳೆಯೂ ಆಗ ಇರುವುದಿಲ್ಲ. ಫಾಲ್ಗುಣ, ಚೈತ್ರಗಳಲ್ಲಿ ಹಾವಳಿ ಏರುವುದು ಅದಕ್ಕೇ.

ಈ ಹುಳು ಬದುಕುವ ಬಗೆ ಮಾತ್ರ ನಿಜಕ್ಕೂ ಬೆರಗು ಹುಟ್ಟಿಸುವಂಥದ್ದು. ಗಿಡದ ನಾಳಗಳಲ್ಲಿ ಹರಿಯುವ ರಸದಲ್ಲಿ ಸಕ್ಕರೆ ಬೇಕಾದಷ್ಟಿದೆ, ಮೈ ಕಟ್ಟಲು ಬೇಕಾದ ಅಮೈನೋ ಆಮ್ಲಗಳು ತೀರಾ ಕಡಿಮೆ. ಕೆಲವನ್ನಂತೂ ಯಾವ ಪ್ರಾಣಿಯೂ ತಾನಾಗಿ ತಯಾರಿಸಲಾರದು. ಹಿಟ್ಟು ತಿಗಣೆ ಈ ಕೊರತೆಯನ್ನು ತನ್ನ ಹೊಟ್ಟೆಯೊಳಗೆ ಸಾಕಿಕೊಂಡ ಬ್ಯಾಕ್ಟೀರಿಯಾಗಳಿಂದ ನೀಗಿಸಿಕೊಳ್ಳುತ್ತದೆ. ಕೊಡಗು, ಚಿಕ್ಕಮಗಳೂರಿನ ಕಾಫಿ ಗಿಡಗಳಿಗೂ ಕಾಟ ಕೊಡುವ ಸಿಟ್ರಸ್ ಹಿಟ್ಟು ತಿಗಣೆಯಲ್ಲಿ 2001ರಲ್ಲಿ ವಿಜ್ಞಾನಿಗಳು ಕಂಡದ್ದು ಅದಕ್ಕಿಂತ ವಿಚಿತ್ರ: ಒಂದು ಬ್ಯಾಕ್ಟೀರಿಯಾದ ಒಳಗೆ ಇನ್ನೊಂದು ಜಾತಿಯ ಬ್ಯಾಕ್ಟೀರಿಯಾ ವಾಸವಾಗಿತ್ತು. ಹೊರಗಿನದು ಟ್ರೆಂಬ್ಲಾಯ, ಒಳಗಿನದು ಮೊರನೆಲ್ಲ. ನಮ್ಮ ಕರುಳಿನ ಇ. ಕೊಲೈ ಬ್ಯಾಕ್ಟೀರಿಯಾದ ವಂಶವಾಹಿ ಲಿಪಿಯಲ್ಲಿ ಸುಮಾರು 46 ಲಕ್ಷ ಅಕ್ಷರಗಳಿದ್ದರೆ ಟ್ರೆಂಬ್ಲಾಯದಲ್ಲಿ ಉಳಿದಿರುವುದು 1 ಲಕ್ಷ 39 ಸಾವಿರ ಮಾತ್ರ. ಸ್ವತಂತ್ರವಾಗಿ ಬದುಕುವ ಶಕ್ತಿಯನ್ನೇ ಅದು ಕಳೆದುಕೊಂಡಿದೆ. ಒಂದು ಅಮೈನೋ ಆಮ್ಲ ತಯಾರಾಗುವ ಹಂತಗಳಲ್ಲಿ ಒಂದಿಷ್ಟು ಹೊರಗಿನದರಲ್ಲಿ, ಒಂದಿಷ್ಟು ಒಳಗಿನದರಲ್ಲಿ, ಉಳಿದದ್ದು ತಿಗಣೆಯ ಜೀವಕೋಶದಲ್ಲಿ ನಡೆಯುತ್ತದೆ. ಮೂವರಲ್ಲಿ ಒಬ್ಬರಿಲ್ಲದಿದ್ದರೂ ಅಡುಗೆ ಮುಗಿಯದು. ತಾಯಿಯಿಂದ ಮೊಟ್ಟೆಗೆ ಈ ಬ್ಯಾಕ್ಟೀರಿಯಾಗಳು ಹಾಗೇ ಸಾಗಿಬರುತ್ತವೆ.

ಅಷ್ಟಾದರೂ ರಸವನ್ನು ಧಾರಾಳವಾಗಿ ಹೀರಲೇಬೇಕು. ಮಿಕ್ಕ ಸಕ್ಕರೆನೀರು ಹಿಂದಿನಿಂದ ಹನಿಹನಿಯಾಗಿ ಹೊರಬೀಳುತ್ತದೆ. ಕೆಳಗಿನ ಎಲೆಗಳು ಕೈಗೆ ಅಂಟುವುದು, ಆಮೇಲೆ ಅವುಗಳ ಮೇಲೆ ಮಸಿ ಬಳಿದಂತೆ ಕಪ್ಪು ಬೂಷ್ಟು ಬೆಳೆಯುವುದು ಇದೇ ಸಿಹಿಯಿಂದ. ಇರುವೆಗಳು ಬರುವುದೂ ಇದಕ್ಕಾಗಿಯೇ.

ದಾಸವಾಳದ ಕಾಂಡದ ಮೇಲೆ ಇರುವೆಯ ಸಾಲು ಕಂಡರೆ ಬಹಳ ಜನ ಇರುವೆಯೇ ಗಿಡ ತಿನ್ನುತ್ತಿದೆ ಎಂದುಕೊಳ್ಳುತ್ತಾರೆ. ಇನ್ನು ಕೆಲವರು ಇರುವೆ ತಾನೇ, ಇದ್ದರಿರಲಿ ಎಂದು ಬಿಡುತ್ತಾರೆ. ಎರಡೂ ಸರಿಯಲ್ಲ. ಇರುವೆ ಎಲೆಯನ್ನು ಮುಟ್ಟುವುದಿಲ್ಲ, ಆದರೆ ತನಗೆ ಸಿಹಿ ಕೊಡುವ ತಿಗಣೆಗೆ ಕಾವಲು ನಿಲ್ಲುತ್ತದೆ. ತಿಗಣೆಯ ಮೈಯಲ್ಲಿ ಮೊಟ್ಟೆಯಿಡಲು ಬರುವ ಪುಟ್ಟ ಕಣಜವನ್ನೂ, ತಿಗಣೆಯನ್ನು ತಿನ್ನಲು ಬರುವ ಗುಲಗಂಜಿ ಹುಳುವನ್ನೂ ಕಚ್ಚಿ ಓಡಿಸುತ್ತದೆ. ಔಷಧಿ ಸೋಲುವುದಕ್ಕೆ ಅರ್ಧ ಕಾರಣ ಇಲ್ಲಿದೆ. ಇನ್ನರ್ಧ ಮೇಣದಲ್ಲಿದೆ: ಸಿಂಪಡಿಸಿದ ನೀರು ಅದರ ಮೇಲೆ ನಿಲ್ಲದೆ ಜಾರಿಬಿಡುತ್ತದೆ, ಚೀಲದೊಳಗಿನ ಮೊಟ್ಟೆಗಳಿಗೆ ಏನೂ ಆಗುವುದಿಲ್ಲ. ಸಾಯುವುದು ಮೇಣವಿಲ್ಲದೆ ಬಯಲಲ್ಲಿ ಓಡಾಡುವ ನಮ್ಮ ಸಹಾಯಕ ಕೀಟಗಳು.

ಆ ಸಹಾಯಕರಲ್ಲಿ ಒಬ್ಬರ ಪರಿಚಯ ಪ್ರತಿ ಕೈತೋಟದವರಿಗೂ ಇರಲೇಬೇಕು. ಕ್ರಿಪ್ಟೊಲೀಮಸ್ ಮಾಂಟ್ರೂಜಿಯೆರಿ ಎಂಬ ಗುಲಗಂಜಿ ಹುಳು ಆಸ್ಟ್ರೇಲಿಯಾ ಮೂಲದ್ದು. 1898ರಲ್ಲಿ ಕಾಫಿ ಗಿಡದ ಹಸಿರು ಶಲ್ಕಕೀಟವನ್ನು ಹತ್ತಿಕ್ಕಲೆಂದು ಅದನ್ನು ದಕ್ಷಿಣ ಭಾರತಕ್ಕೆ ತಂದರು. ಆದರೆ ಅದಕ್ಕೆ ಹೆಚ್ಚು ರುಚಿಸುವುದು ಹಿಟ್ಟು ತಿಗಣೆ. ಈಗ ಅದು ನಮ್ಮ ನೆಲದಲ್ಲೇ ನೆಲೆಸಿದೆ. ಸಿಹಿಗುಂಬಳದ ಮೇಲೆ ಹಿಟ್ಟು ತಿಗಣೆ ಬೆಳೆಸಿ, ಅದನ್ನು ಮೇವಾಗಿ ಕೊಟ್ಟು ಪ್ರಯೋಗಾಲಯಗಳಲ್ಲಿ ಇದನ್ನು ಸಾಕುತ್ತಾರೆ, ದ್ರಾಕ್ಷಿ ತೋಟಗಳಿಗೂ ಹಿಪ್ಪುನೇರಳೆಗೂ ಬಿಡುತ್ತಾರೆ. ವಿಷ ಹೊಡೆದ ಸೊಪ್ಪನ್ನು ರೇಷ್ಮೆಹುಳುವಿಗೆ ಹಾಕುವಂತಿಲ್ಲವಲ್ಲ, ರೇಷ್ಮೆಯವರಿಗೆ ಇದು ದೊಡ್ಡ ಆಸರೆ.

ಬೆಳೆದ ಹುಳು ಸುಮಾರು 4 ಮಿಲಿಮೀಟರ್ ಉದ್ದ, ಮೈ ಕಪ್ಪು, ತಲೆಯ ಕಡೆ ಕಿತ್ತಳೆ ಬಣ್ಣ. ಅದನ್ನು ಯಾರೂ ಕೊಲ್ಲುವುದಿಲ್ಲ. ನಾವು ಕೊಲ್ಲುತ್ತಿರುವುದು ಅದರ ಮರಿಯನ್ನು. ಅದರ ಮೈಮೇಲೂ ಬಿಳಿ ಮೇಣದ ಉದ್ದುದ್ದ ಎಳೆಗಳಿರುತ್ತವೆ, ನೋಡಿದರೆ ಥೇಟ್ ಹಿಟ್ಟು ತಿಗಣೆ. ಈ ವೇಷ ಇರುವೆಗಳ ಕಣ್ಣು ತಪ್ಪಿಸಲು ಅದಕ್ಕೆ ನೆರವಾಗುತ್ತದೆ, ನಮ್ಮ ಕೈಯಲ್ಲಿ ಮಾತ್ರ ಅದೇ ಪ್ರಾಣಕ್ಕೆ ಎರವಾಗುತ್ತದೆ. ಇದು ನನಗೆ ತುಂಬ ನೋವು ಕೊಡುವ ಸಂಗತಿ. ನೂರಾರು ತಿಗಣೆಮೊಟ್ಟೆಗಳನ್ನು ತಿಂದು ಮುಗಿಸಬಲ್ಲ ಮರಿಯನ್ನು, ದೊಡ್ಡ ತಿಗಣೆ ಸಿಕ್ಕಿತೆಂದು ಹೊಸಕಿಹಾಕುತ್ತೇವೆ. ಗುರುತಿಸುವುದು ಕಷ್ಟವಲ್ಲ. ಕಡ್ಡಿಪೊರಕೆಯ ಒಂದು ಕಡ್ಡಿಯಿಂದ ಮೆಲ್ಲಗೆ ತಟ್ಟಿ. ತಿಗಣೆಯಾದರೆ ಕದಲುವುದೇ ಅಪರೂಪ, ಕದಲಿದರೂ ನಿಧಾನ. ಗುಲಗಂಜಿಯ ಮರಿ ಸರಸರನೆ ಓಡುತ್ತದೆ. ಗಾತ್ರವೂ ಬೇರೆ: ಮರಿ ಒಂದು ಸೆಂಟಿಮೀಟರ್‌ಗಿಂತ ಉದ್ದ ಬೆಳೆಯುತ್ತದೆ, ಅಷ್ಟು ದೊಡ್ಡ ಹಿಟ್ಟು ತಿಗಣೆ ದಾಸವಾಳದ ಮೇಲೆ ಇರುವುದಿಲ್ಲ.

ಕಣಜಗಳ ಶಕ್ತಿಯೂ ಕಡಿಮೆಯಲ್ಲ. 2008ರಲ್ಲಿ ಕೊಯಮತ್ತೂರಿನಲ್ಲಿ ಮೊದಲು ಕಾಣಿಸಿಕೊಂಡ ಪಪಾಯ ಹಿಟ್ಟು ತಿಗಣೆ ದಕ್ಷಿಣದಲ್ಲೆಲ್ಲ ಹರಡಿ ಪಪಾಯ, ಹಿಪ್ಪುನೇರಳೆ ತೋಟಗಳನ್ನು ಹಾಳುಗೆಡವಿತು. ಔಷಧಿಗಳಿಂದ ಅದು ಬಗ್ಗಲಿಲ್ಲ. 2010ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಸಂಸ್ಥೆಯೊಂದರ ಕೀಟವಿಜ್ಞಾನಿಗಳು ಪೋರ್ಟೊರಿಕೊದಿಂದ ಮೂರು ಜಾತಿಯ ಕಣಜಗಳನ್ನು ತರಿಸಿ, ಸಾಕಿ, ತೋಟಗಳಲ್ಲಿ ಬಿಟ್ಟರು. ಅವುಗಳಲ್ಲಿ ಅಸೆರೊಫ್ಯಾಗಸ್ ಪಪಾಯೆ ಎಂಬ ಕಣಜ ತಿಗಣೆಯ ಹಾವಳಿಯನ್ನು ಹತೋಟಿಗೆ ತಂದಿತು.

ಹಾಗಾದರೆ ಮನೆಯಲ್ಲಿ ಮೊದಲು ಮಾಡಬೇಕಾದ್ದು ಇರುವೆಯ ದಾರಿ ಕಡಿಯುವುದು. ಕಾಂಡಕ್ಕೆ ಅಗಲದ ಟೇಪು ಸುತ್ತಿ ಅದರ ಮೇಲೆ ಗ್ರೀಸ್ ಬಳಿಯಿರಿ, ನೇರವಾಗಿ ತೊಗಟೆಗೆ ಬೇಡ. ಗೋಡೆಗೋ ಪಕ್ಕದ ಗಿಡಕ್ಕೋ ತಾಗುವ ಕೊಂಬೆಯನ್ನು ಕತ್ತರಿಸಿ, ಇಲ್ಲದಿದ್ದರೆ ಇರುವೆ ಆ ಸೇತುವೆ ಹಿಡಿಯುತ್ತದೆ. ಕುಂಡವನ್ನು ನೀರು ತುಂಬಿದ ತಟ್ಟೆಯೊಳಗೆ ಇಟ್ಟಿಗೆಯ ಮೇಲಿಡುವವರು ಆ ನೀರನ್ನು ಎರಡು ಮೂರು ದಿನಕ್ಕೊಮ್ಮೆ ಚೆಲ್ಲಿ ತಟ್ಟೆ ಉಜ್ಜಲೇಬೇಕು. ಡೆಂಗಿ ಸೊಳ್ಳೆಗೆ ಅಷ್ಟು ನೀರು ಸಾಕು. ಮುರುಟಿದ ಕುಡಿಗಳನ್ನು ಕತ್ತರಿಸಿ ಸೋಪುನೀರಿನ ಬಕೆಟ್ಟಿಗೆ ಹಾಕಿ, ಗೊಬ್ಬರದ ಗುಂಡಿಗೂ ಬೀದಿಗೂ ಎಸೆಯಬೇಡಿ. ಕಾಂಪೌಂಡಿನ ಬದಿಯ ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮೊದಲೇ ಕೀಳಿ, ಕೆಲವು ಹಿಟ್ಟು ತಿಗಣೆಗಳಿಗೆ ಅದೂ ತಂಗುದಾಣ. ಸಾರಜನಕದ ಗೊಬ್ಬರ ಅತಿಯಾದರೆ ಚಿಗುರು ಎಳೆಯದಾಗಿ, ರಸದಲ್ಲಿ ಅಮೈನೋ ಆಮ್ಲ ಹೆಚ್ಚಿ ತಿಗಣೆಗೇ ಅನುಕೂಲ. ಉಳಿದದ್ದಕ್ಕೆ ಪೈಪಿನ ನೀರಿನ ರಭಸ ಸಾಕಾಗುತ್ತದೆ. ಸಾಲದಿದ್ದರೆ ಸೌಮ್ಯ ಸೋಪುನೀರನ್ನೋ ಬೇವಿನೆಣ್ಣೆಯನ್ನೋ ಮೊದಲು ಒಂದೆರಡು ಎಲೆಗೆ ಹಾಕಿ ನೋಡಿ, ಎಲೆ ಸುಡದಿದ್ದರೆ ಸಂಜೆ ಹೊತ್ತು ಸಿಂಪಡಿಸಿ. ಮೊಟ್ಟೆಯೊಡೆದು ಹೊಸ ಮರಿಗಳು ಹೊರಬರುತ್ತಲೇ ಇರುವುದರಿಂದ ವಾರಕ್ಕೊಮ್ಮೆ ಎರಡು ಮೂರು ಸಲ ಮಾಡಬೇಕಾಗುತ್ತದೆ. ಸರಸರ ಓಡುವ ಬಿಳಿ ಮರಿ ಕಂಡ ಗಿಡಕ್ಕೆ ಮಾತ್ರ ಏನನ್ನೂ ಹೊಡೆಯಬೇಡಿ. ಒಂದಕ್ಕಿಂತ ಹೆಚ್ಚು ಮರಿಗಳಿದ್ದರೆ ಒಂದನ್ನು ಎಲೆಯ ಸಮೇತ ಕತ್ತರಿಸಿ ತಿಗಣೆ ಬಿದ್ದ ಪಕ್ಕದ ಕುಂಡದ ಗಿಡದ ಮೇಲಿಡಿ. ಆ ಗಿಡದಲ್ಲಿ ಇರುವೆಗಳಿಲ್ಲದಿದ್ದರೆ ಮುಂದಿನ ಕೆಲಸ ಅದೇ ನೋಡಿಕೊಳ್ಳುತ್ತದೆ.