ಒದ್ದೆ ನೆಲದಲ್ಲಿ ಹೃದಯಕ್ಕೆ ಷಾಕ್

ಮಕ್ಕಳಿಗೆ ಈಜು ಕಲಿಸುವ ಓದುಗರೊಬ್ಬರ ಪ್ರಶ್ನೆ: "ನಮ್ಮ ಕೊಳದ ಗೋಡೆಗೆ ಎಇಡಿ, ಅಂದರೆ ಹೃದಯಕ್ಕೆ ಷಾಕ್ ಕೊಡುವ ಯಂತ್ರದ ಪೆಟ್ಟಿಗೆ ತೂಗುಹಾಕಿದ್ದಾರೆ. ನೆಲವೆಲ್ಲ ನೀರು, ಹಿಡಿದು ಹತ್ತುವ ಕಂಬಿಗಳೆಲ್ಲ ಸ್ಟೀಲು. ಯಾರಿಗಾದರೂ ಹೃದಯ ನಿಂತು ಅಲ್ಲೇ ಷಾಕ್ ಕೊಟ್ಟರೆ ಸುತ್ತ ಇದ್ದವರ ಗತಿಯೇನು?"

ಮಳೆಗಾಲದಲ್ಲಿ ತಂತಿ ಹರಿದು ಬಿದ್ದ ಕಡೆ ಕಾಲಿಡಬೇಡ ಎಂಬ ಮಾತು ಕೇಳಿಯೇ ಬೆಳೆದವರು ನಾವು; ಈ ಭಯ ಸಹಜ. ಆದರೆ ಬೀದಿಯ ಟ್ರಾನ್ಸ್‌ಫಾರ್ಮರಿನ ನ್ಯೂಟ್ರಲ್‌ಗೆ ಅರ್ಥಿಂಗ್ ಮಾಡಿರುತ್ತಾರೆ. ತಂತಿಯಿಂದ ಹೊರಟ ಕರೆಂಟಿಗೆ ಭೂಮಿಯೂ ಮರಳುವ ದಾರಿಯೇ. ನಡುವೆ ಒದ್ದೆ ಕಾಲಿನ ಮನುಷ್ಯ ಸಿಕ್ಕರೆ ಅವನ ಮೈಯಿಂದಲೇ ಇಳಿಯುತ್ತದೆ. ಎಇಡಿ ನಡೆಯುವುದು ಬ್ಯಾಟರಿಯಲ್ಲಿ, ಅದಕ್ಕೆ ಭೂಮಿಯ ನಂಟಿಲ್ಲ. ಎದೆಗೆ ಅಂಟಿಸುವ ಎರಡು ಪ್ಯಾಡುಗಳಲ್ಲಿ ಒಂದರಿಂದ ಹೊರಟ ಕರೆಂಟು ಇನ್ನೊಂದಕ್ಕೇ ಮರಳಬೇಕು, ಅದೂ ಸೆಕೆಂಡಿನ ನೂರರಲ್ಲಿ ಒಂದೆರಡು ಪಾಲಿನಷ್ಟು ಹೊತ್ತಿನಲ್ಲಿ.

ಅಡಿಕೆ ತೋಟಕ್ಕೆ ನೀರು ಹಾಯಿಸಿದವರಿಗೆ ಮುಂದಿನದು ತಾನೇ ಹೊಳೆಯುತ್ತದೆ. ಕಾಲುವೆಯ ಬದು ಒಂದೇ ಕಡೆ ಒಡೆದಿದ್ದರೂ ನೀರು ಆ ಸುಲಭದ ದಾರಿ ಹಿಡಿಯುತ್ತದೆ. ಪಂಪು ಎಷ್ಟೇ ಓಡಲಿ, ಗಿಡದ ಬುಡ ಒಣಗಿಯೇ ಇರುತ್ತದೆ. ಪ್ಯಾಡುಗಳಲ್ಲಿ ಒಂದು ಬಲಗಡೆ ಕೊರಳ ಮೂಳೆಯ ಕೆಳಗೆ, ಇನ್ನೊಂದು ಎಡ ಕಂಕುಳ ಕೆಳಗೆ ಪಕ್ಕೆಗೆ. ಇವೆರಡರ ನಡುವೆ ಎದೆಯ ಮೇಲೆ ನೀರಿನ ಪದರ ಇದ್ದರೆ ಅದೇ ಒಡೆದ ಬದು. ಕರೆಂಟು ಚರ್ಮದ ಮೇಲೇ ಜಾರಿಹೋಗಿ ಹೃದಯಕ್ಕೆ ಸಿಗಬೇಕಾದ ಪಾಲು ಕಡಿಮೆಯಾಗುತ್ತದೆ. ಪ್ಯಾಡಿನ ಅಂಟೂ ಹಿಡಿಯುವುದಿಲ್ಲ. ಆದ್ದರಿಂದ ನಿಂತ ನೀರಿನಿಂದ ರೋಗಿಯನ್ನು ಆಚೆ ಎಳೆಯಿರಿ, ಟವಲಿನಿಂದ ಎದೆ ಒರೆಸಿರಿ. ಚಡ್ಡಿ, ಕೂದಲು, ನೆಲ ಹಸಿಯಾಗಿದ್ದರೆ ಇರಲಿ, ಅದಕ್ಕಾಗಿ ಕಾಯಬೇಡಿ. ಷಾಕ್ ತಡವಾದ ಪ್ರತಿ ನಿಮಿಷಕ್ಕೂ ಬದುಕುವ ಅವಕಾಶ ಸುಮಾರು ಶೇ. 7ರಿಂದ 10ರಷ್ಟು ಕುಗ್ಗುತ್ತದೆ.

ಒದ್ದೆ ನೆಲದಲ್ಲಿ ಒಂದಿಷ್ಟು ಸೋರಿಕೆ ಆಗುವುದಿಲ್ಲವೇ? ಆಗುತ್ತದೆ, ಬಹಳ ಸಣ್ಣ ಪ್ರಮಾಣದಲ್ಲಿ. ರೋಗಿಯ ಬದಲು ಹಸಿ ಟರ್ಕಿ ಕೋಳಿ ಇಟ್ಟು ಅಳೆದು ನೋಡಿದ ಸಂಶೋಧಕರೂ ಇದ್ದಾರೆ. ಆದರೂ ಯಂತ್ರ "ಮುಟ್ಟಬೇಡಿ" ಎಂದಾಗ ಎಲ್ಲರೂ ಕೈ ತೆಗೆಯಲೇಬೇಕು. ಲೋಹದ ನೆಲದ ಮೇಲೂ ಇದೇ ನಿಯಮ. ಪ್ಯಾಡು ಮಾತ್ರ ಲೋಹಕ್ಕೆ ತಾಗಬಾರದು. ಮಾಂಗಲ್ಯದ ಸರ ಅಡ್ಡ ಬಂದರೆ ಪಕ್ಕಕ್ಕೆ ಸರಿಸಿದರೆ ಸಾಕು, ಕೀಳಬೇಕಿಲ್ಲ.

ಈ ಷಾಕ್ ಚಿಕಿತ್ಸೆಯ ಚರಿತ್ರೆ ನನ್ನನ್ನು ಪ್ರತಿಸಲವೂ ಕಲಕುತ್ತದೆ. ಅಮೆರಿಕದಲ್ಲಿ ಲೈನ್‌ಮನ್‌ಗಳು ಕರೆಂಟು ಹೊಡೆದು ಸಾಯುತ್ತಿದ್ದುದನ್ನು ಕಂಡು ವಿದ್ಯುತ್ ಉದ್ಯಮವೇ ಸಂಶೋಧನೆಗೆ ಹಣ ಕೊಟ್ಟಿತು. ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಆ ಕೆಲಸಕ್ಕೆ ಕೂತ ವಿಲಿಯಂ ಕೌವೆನ್‌ಹೋವನ್ ವೈದ್ಯರಲ್ಲ, ಎಲೆಕ್ಟ್ರಿಕಲ್ ಎಂಜಿನಿಯರು. ಹೃದಯದ ಲಯ ಕೆಡಿಸುವ ಕರೆಂಟೇ ಅದನ್ನು ಸರಿಪಡಿಸಲೂಬಲ್ಲದು ಎಂದು ಅವರ ತಂಡ ನಾಯಿಗಳಲ್ಲಿ ತೋರಿಸಿತು. ಮುಂದೆ ಷಾಕ್ ಕೊಡುವ ಭಾರದ ಪ್ಯಾಡಲನ್ನು ಎದೆಗೆ ಒತ್ತಿದಾಗಲೇ ರಕ್ತದೊತ್ತಡ ಏರುವುದು ಅವರ ಪ್ರಯೋಗಾಲಯದವರ ಕಣ್ಣಿಗೆ ಬಿತ್ತು. 1960ರಲ್ಲಿ ಪ್ರಕಟವಾದ ಎದೆಯೊತ್ತುವ ವಿಧಾನ, ಇಂದಿನ ಸಿಪಿಆರ್, ಹುಟ್ಟಿದ್ದು ಹಾಗೆ.

ಈಜು ಮೇಷ್ಟ್ರಿಗೆ ಇನ್ನೊಂದು ಮಾತು. ಮುಳುಗಿದವರ ಹೃದಯ ಹೆಚ್ಚಾಗಿ ಆಮ್ಲಜನಕವಿಲ್ಲದೆ ನಿಂತಿರುತ್ತದೆ. ಅಂಥವರಿಗೆ ಮೊದಲು ಬಾಯಿಂದ ಉಸಿರು ಕೊಡಿ, ಎದೆ ಒತ್ತಲು ತೊಡಗಿ, ಒಬ್ಬರು 108ಕ್ಕೆ ಫೋನ್ ಮಾಡಲಿ, ಇನ್ನೊಬ್ಬರು ಪೆಟ್ಟಿಗೆ ತರಲಿ. ಷಾಕ್ ಬೇಕೋ ಬೇಡವೋ ಎಂಬುದನ್ನು ಪೆಟ್ಟಿಗೆಯೇ ಹೃದಯದ ಲಯ ನೋಡಿ ಹೇಳುತ್ತದೆ.